ಹದಿನಾಲ್ಕು ಕೆಂಪು ಗಂಟುಗಳು

ನಮ್ಮ ಮನೆಯಲ್ಲಿ ಕಡ್ಡಿಪೆಟ್ಟಿಗೆ ಮುಗಿದರೆ ಹೊಸದು ಬರಲು ಹದಿನಾರು ತಾಸು ಬೇಕಿತ್ತು. ಸಂಜೆ ನಾಲ್ಕರ ಬಸ್ಸಿಗೆ ಹೇಳಿ ಕಳಿಸಿದರೆ ಮರುದಿನ ಬೆಳಿಗ್ಗೆ ಎಂಟರ ಬಸ್ಸಿಗೆ ಬರುತ್ತಿತ್ತು. ಬಸ್ಸು ಒಂದೇ. ಬೆಳಿಗ್ಗೆ ದೇವದುರ್ಗದಿಂದ ಮಾನ್ವಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು. ಆ ಮಣ್ಣುದಾರಿ ಒಂದು ಕಡೆ ಕೆರೆಯ ಏರಿಯ ಮೇಲೆಯೇ ಹಾಯುತ್ತಿತ್ತು. ಏರಿಯ ಕೊನೆಗೆ, ತೂಬಿನ ಪಕ್ಕದಲ್ಲಿ, ಕಲ್ಲುಚಪ್ಪಡಿ ಹೊದಿಸಿದ ಎರಡು ಕೋಣೆಗಳು. ಅದು ನಮ್ಮ ಮನೆ. ಅಪ್ಪ ಕೆರೆಯ ನೀರುಗಂಟಿ. ತೂಬು ತೆರೆದು ಮುಚ್ಚಿ ಹೊಲಗಳಿಗೆ ನೀರು ಬಿಡುವುದು ಅವನ ಕೆಲಸ. ಎದುರು ದಂಡೆಯಲ್ಲಿ ಕುರಿಗಾರರ ನಾಲ್ಕು ಗುಡಿಸಲು. ಅಂಗಡಿ, ಹೋಟೆಲು, ಗಿರಣಿ ಯಾವುದೂ ಕಣ್ಣಳತೆಯಲ್ಲಿರಲಿಲ್ಲ. ಈಗ ರಾಯಚೂರಿನಲ್ಲಿ ನನ್ನ ಬಾಗಿಲಿನಿಂದ ನಲವತ್ತು ಹೆಜ್ಜೆಗೆ ಮೂರು ಕಿರಾಣಿ ಅಂಗಡಿಗಳಿವೆ. ಆದರೂ ಬೆಳಿಗ್ಗೆ ಎಂಟಾಯಿತೆಂದರೆ ನನ್ನ ಕಿವಿ ತಾನಾಗಿ ಬಸ್ಸಿನ ಹಾರ್ನಿಗೆ ಕಾಯುತ್ತದೆ.

ಅಂಗಡಿ ದೂರವಿದ್ದ ಮನೆಯಲ್ಲಿ ಅಸ್ತವ್ಯಸ್ತಕ್ಕೆ ಜಾಗವಿರುವುದಿಲ್ಲ. ಅಪ್ಪ ಆರು ಗಂಟೆಗೆ ಎದ್ದು ತೂಬಿನ ಕಲ್ಲಿನ ಮೇಲಿದ್ದ ಗೆರೆ ನೋಡಿ ಬರುತ್ತಿದ್ದ; ನೀರು ಎಷ್ಟು ಗೇಣು ಇಳಿದಿದೆ ಎಂದು ಹೇಳಿದ ಮೇಲೆಯೇ ಅವ್ವ ಒಲೆ ಹೊತ್ತಿಸುತ್ತಿದ್ದಳು. ಒಳಕೋಣೆಯಲ್ಲಿ ಎಡಕ್ಕೆ ಜೋಳದ ಚೀಲ, ಅದರ ಮೇಲೆ ಹಿಟ್ಟಿನ ಡಬ್ಬಿ, ಬಲಕ್ಕೆ ಒಂದರ ಮೇಲೊಂದು ಗಡಿಗೆಗಳು, ನಡುವೆ ಮೇಲಿಂದ ಇಳಿಬಿಟ್ಟ ನೆಲುವಿನಲ್ಲಿ ಮಜ್ಜಿಗೆ. ಕಣ್ಣು ಕಟ್ಟಿ ಬಿಟ್ಟರೂ ನಾನು ಜೀರಿಗೆಯ ಡಬ್ಬಿ ತೆಗೆಯಬಲ್ಲವಳಾಗಿದ್ದೆ. ಮುಂದೆ ಆಸ್ಪತ್ರೆಯಲ್ಲಿ ನರ್ಸ್ ಆದಾಗ, ಆಪರೇಷನ್ನಿನ ಕತ್ತರಿ, ಚಿಮಟಿಗಳನ್ನು ನಾನು ಸಾಲಾಗಿ ಜೋಡಿಸುವುದನ್ನು ನೋಡಿ ಡಾಕ್ಟರು ಎಲ್ಲಿ ಕಲಿತೆ ಎಂದು ಕೇಳಿದ್ದರು. ಅಡುಗೆಮನೆಯಲ್ಲಿ ಎಂದಿದ್ದೆ. ಊಟಕ್ಕೂ ಒಂದು ಕಟ್ಟು. ಅಪ್ಪ ಮೊದಲು, ಹೆಂಗಸರು ಆಮೇಲೆ ಎನ್ನುವುದು ನಮ್ಮಲ್ಲಿರಲಿಲ್ಲ. ಅಪ್ಪ, ನಾನು, ತಮ್ಮ, ಬಂದ ಅತಿಥಿ, ಅವ್ವ, ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಒಂದೇ ಸಾಲಿನಲ್ಲಿ ಕೂಡಬೇಕು. ಅವ್ವ ರೊಟ್ಟಿಯ ಬುಟ್ಟಿಯನ್ನು ಕೈಗೆಟುಕುವಂತೆ ಇಟ್ಟುಕೊಂಡು ತಾನೂ ಕೂಡುವಳು. ಇದಕ್ಕೆ ಕಾರಣವಿತ್ತು. ನಾವು ಊರ ಹೊರಗಿನ ಕೇರಿಯಿಂದ ಬಂದವರು. ಅವ್ವ ಚಿಕ್ಕವಳಿದ್ದಾಗ ಊರಿನ ಮದುವೆಗಳಲ್ಲಿ ಎಲ್ಲರ ಊಟ ಮುಗಿದ ಮೇಲೆ ಹಿತ್ತಿಲ ಕಡೆ ಕೂತು ಉಂಡಿದ್ದಳು. ಅದನ್ನು ಅವಳು ನಮಗೆ ಹೇಳಿದ್ದು ಒಂದೇ ಸಲ.

ಸಾಮಾನು ತರಿಸುವ ರೀತಿ ಇದು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪನಿಗೆ ಬರುತ್ತಿತ್ತು, ಆದರೆ ಅವನ ಕೈಬರಹವನ್ನು ಅವನೇ ಓದಲಾರ. ಅದಕ್ಕೆ ಅವ್ವ ಹಳೆಯ ಧೋತರದ ತುಂಡೊಂದನ್ನು ಇಟ್ಟುಕೊಂಡಿದ್ದಳು. ಬೇಕಾದ ಪ್ರತಿ ಸಾಮಾನಿನ ಮಾದರಿ ಚಿಟಿಕೆಯಷ್ಟು ತೆಗೆದು ಆ ಬಟ್ಟೆಯಲ್ಲಿ ಗಂಟು ಕಟ್ಟುವಳು: ನಾಲ್ಕು ಬೇಳೆ, ಒಂದು ಹರಳು ಉಪ್ಪು, ಒಂದು ಚೂರು ಬೆಲ್ಲ. ಪಕ್ಕದಲ್ಲಿ ಬರಿಗಂಟುಗಳು, ಎರಡು ಬರಿಗಂಟೆಂದರೆ ಎರಡು ಸೇರು. ಬಟ್ಟೆ, ಚೀಲ ಎರಡನ್ನೂ ಬಸ್ಸಿನ ಕಂಡಕ್ಟರ್ ಖಾಜಾ ಮಾಮಾನ ಕೈಗೆ ಕೊಟ್ಟರೆ ಆತ ದೇವದುರ್ಗದ ಬಸ್‌ಸ್ಟ್ಯಾಂಡಿನ ಎದುರಿದ್ದ ಶರಣಪ್ಪ ಸಾವ್ಕಾರರ ಅಂಗಡಿಗೆ ಮುಟ್ಟಿಸುತ್ತಿದ್ದ. ಸಾವ್ಕಾರರು ಗಂಟು ಬಿಚ್ಚಿ ನೋಡಿ, ಚೀಲ ತುಂಬಿ, ಬಟ್ಟೆಯನ್ನು ಮಡಚಿ ಮೇಲಿಟ್ಟು ಕಳಿಸುವರು. ಎಷ್ಟೋ ವರ್ಷ ಹೀಗೆ ನಡೆದರೂ ಅವ್ವ, ಸಾವ್ಕಾರರು ಒಬ್ಬರನ್ನೊಬ್ಬರು ನೋಡಿದ್ದು ಎರಡು ಸಲವೋ ಮೂರು ಸಲವೋ.

ಉಳಿದದ್ದನ್ನು ಕೆರೆ ಕೊಡುತ್ತಿತ್ತು. ನೀರು ಹಿಂದೆ ಸರಿದಂತೆ ತೆರೆದುಕೊಳ್ಳುತ್ತಿದ್ದ ಹಸಿ ನೆಲದಲ್ಲಿ ಅವ್ವ ಪುಂಡಿ ಸೊಪ್ಪು, ಸೌತೆ, ಉಳ್ಳಾಗಡ್ಡಿ ಹಾಕುತ್ತಿದ್ದಳು. ಮೀನು ಅಪ್ಪನ ಪಾಲಿನದು. ಅವನಿಗೆ ದಿನಾ ಮೀನು ಬೇಕು. ಅವ್ವನಿಗೆ ವಾರಕ್ಕೆರಡು ಸಲ ಸಾಕು. ಜಗಳ ಆಗುತ್ತಿದ್ದುದು ಇದೊಂದಕ್ಕೇ.

"ಕೆರಿ ಕಾಯಾಕ ಇಟ್ಟಾರ ನಿನ್ನ, ಖಾಲಿ ಮಾಡಾಕಲ್ಲ."

"ನಾ ತಿನ್ನದಿದ್ರ ಕೊಕ್ಕರಿ ತಿಂತಾವ. ಕೊಕ್ಕರಿಗಿಂತ ಕಡಿಮ್ಯಾ ಏನು ನಾನು?"

"ಅದು ಒಂದ ಕಾಲಮ್ಯಾಲೆ ನಿಂತು ದುಡೀತದ. ನೀ ಗ್ವಾಡಿಗೆ ಒರಗಿ ಕುಂತೀ."

ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಏರಿಯ ರಿಪೇರಿ ಶುರುವಾಯಿತು. ಬೇರೆ ಬೇರೆ ಊರುಗಳಿಂದ ಮೂವತ್ತೆರಡು ಮಂದಿ ಗಂಡಾಳು, ಹೆಣ್ಣಾಳು ಬಂದರು. ಅವರ ಮೇಲೆ ಮುದಕಪ್ಪ ಎಂಬ ಮೇಸ್ತ್ರಿ. ಅವ್ವನೂ ಕೂಲಿಗೆ ಹೋದಳು. ಬುಟ್ಟಿ ಬುಟ್ಟಿ ಮಣ್ಣು ಹೊತ್ತು ವಾರದೊಳಗೆ ಅವಳ ಕುತ್ತಿಗೆ ಹಿಡಿದುಕೊಂಡಿತು. ತಿರುಗಿ ನೋಡಬೇಕೆಂದರೆ ಇಡೀ ಮೈ ತಿರುಗಿಸಬೇಕು. ಆಳುಗಳ ಮಧ್ಯಾಹ್ನದ ಊಟ ಕವಿತಾಳದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬರುತ್ತಿತ್ತು. ಹನ್ನೆರಡಕ್ಕೆ ಬರಬೇಕಾದದ್ದು ಎರಡಕ್ಕೆ ಬರುವುದು, ರೊಟ್ಟಿ ಹಪ್ಪಳದಂತಾಗಿರುವುದು. ಹತ್ತನೆಯ ದಿನ ಅವ್ವ ಬುಟ್ಟಿ ಕೆಳಗಿಟ್ಟು ಮೇಸ್ತ್ರಿಯ ಮುಂದೆ ನಿಂತಳು.

"ಯಣ್ಣಾ, ಇಷ್ಟ್ ಮಂದಿ ಅಡಗಿ ನಾ ಮಾಡ್ತೀನಿ. ಹನ್ನೆರಡಂದ್ರ ಹನ್ನೆರಡಕ್ಕ ಬಿಸಿ ರೊಟ್ಟಿ ಹಾಕ್ತೀನಿ. ಮಣ್ಣು ಹೊರೂದು ಬಿಡಸಿ ಈ ಕೆಲಸ ಕೊಡು."

ಮೇಸ್ತ್ರಿ ತಲೆ ಕೆರೆದುಕೊಂಡ. "ಅಡಗಿ ಮಾಡ್ತೀ ಖರೆ. ನಿನ್ ಕೈಯಾಗಿಂದು ಇವ್ರೆಲ್ಲಾ ಉಣ್ತಾರಂತ ಹೆಂಗ ಹೇಳ್ಲೆವ್ವಾ?"

"ಉಣ್ಣಾವ್ರು ನೀನೇನು? ಅವ್ರನ್ನ ಕೇಳು."

"ಕೇಳೂದಿಲ್ಲ. ನಾಡಿದ್ದು ಒಂದಿನ ಮಾಡಿ ತೋರಸು. ನಡದ್ರ ಬ್ಯಾಸಗಿ ಮುಗಿಯೂತನ ಕೆಲಸ ನಿಂದು. ನಡೀದಿದ್ರ ಬುಟ್ಟಿ ಹೊರು."

ಆ ಎರಡು ದಿನ ನಮ್ಮ ಮನೆಯಲ್ಲಿ ಹಬ್ಬಕ್ಕಿಂತ ಹೆಚ್ಚಿನ ಗದ್ದಲ! ಅಪ್ಪ ಮೂರು ಕಲ್ಲುಗಳ ಹೊಸ ಒಲೆ ಹೂಡಿದ, ಕುರಿಗಾರರ ಮಾಳವ್ವನ ಹತ್ತಿರ ದೊಡ್ಡ ಹಂಚು ಕೇಳಿ ಹರಿಗೋಲಿನಲ್ಲಿ ತಂದ. ಅವ್ವ ಬೀಸುವ ಕಲ್ಲು ಬಿಟ್ಟು ಏಳಲೇ ಇಲ್ಲ. ಹಿಂದಿನ ದಿನ ಮೂರೂವರೆ ಗಂಟೆಗೆ, ಕೈ ಹಿಟ್ಟಾಗಿದ್ದುದರಿಂದ, ನನ್ನನ್ನು ಕರೆದಳು.

"ಹುಲಿಗಿ, ಇವತ್ತು ಗಂಟು ನೀ ಕಟ್ಟು. ಹದಿನಾಲ್ಕು ಸಾಮಾನು. ನಾ ಹೇಳ್ತೀನಿ, ನೀ ಕಟ್ಟು. ಸಡಲಾಗಬಾರದು."

ನನ್ನ ಎದೆ ಉಬ್ಬಿತು. ಅವ್ವ ಹೇಳುತ್ತ ಹೋದಂತೆ ನಾನು ಮಾದರಿ ತೆಗೆದು, ಅಡಿಪಟ್ಟಿಯಿಂದ ಗೆರೆ ಎಳೆದ ಹಾಗೆ ಮೂರು ಸಾಲಿನಲ್ಲಿ ಗಂಟು ಕಟ್ಟಿದೆ. ಬೇಳೆ, ಉಪ್ಪು, ಮೆಣಸಿನಕಾಯಿ, ಅರಿಶಿನ, ಸಾಸಿವೆ. ಡಬ್ಬಿಗಳಲ್ಲಿ ಉಳಿದಿದ್ದುದೇ ಅಷ್ಟು. ಎಲ್ಲ ಮುಗಿದ ಮೇಲೆ ನೋಡಿದರೆ ಏನೋ ಕೊರತೆ. ಕಳೆದ ತಿಂಗಳು ಬೇಳೆಯ ಗಂಟಿಗೆ ಅವ್ವ ಕೆಂಪು ದಾರ ಸುತ್ತಿದ್ದು ನೆನಪಾಯಿತು. ಸಡಿಲಾಗದಿರಲೆಂದು ಸುತ್ತಿದ್ದಾಳೆ ಎಂದುಕೊಂಡಿದ್ದೆ. ಗೋಡೆಯ ಗೂಡಿನಲ್ಲಿ ಕೆಂಪು ದಾರದ ಉಂಡೆಯಿತ್ತು. ಹದಿನಾಲ್ಕು ಗಂಟಿಗೂ ಮೂರು ಮೂರು ಸುತ್ತು ಸುತ್ತಿದೆ. ತುಂಬ ಚೆಂದ ಕಂಡಿತು. ಅವ್ವನಿಗೆ ತೋರಿಸಬೇಕೆನ್ನುವಷ್ಟರಲ್ಲಿ ಬಸ್ಸಿನ ಹಾರ್ನು. ಓಡಿಹೋಗಿ ಖಾಜಾ ಮಾಮಾನ ಕೈಗೆ ಕೊಟ್ಟೆ.

ಮರುದಿನ ಎಂಟಕ್ಕೆ ಏರಿಯ ಮೇಲೆ ನಾವೆಲ್ಲ ಕಾಯುತ್ತ ನಿಂತಿದ್ದೆವು. ಬಸ್ಸು ನಿಂತಿತು. ಚೀಲ ಇಳಿಯಲಿಲ್ಲ. ಬಿಳಿ ಟೊಪ್ಪಿಗೆ, ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಶರಣಪ್ಪ ಸಾವ್ಕಾರರು ಇಳಿದರು. ಕೈಯಲ್ಲಿ ನಮ್ಮ ಬಟ್ಟೆ, ಖಾಲಿ ಚೀಲ. ಖಾಜಾ ಮಾಮಾ ಬಾಗಿಲಲ್ಲಿ ನಿಂತು, "ಬಹುತ್ ಗುಸ್ಸಾದಾಗ ಇದ್ದಾರ್ರಿ, ನೀರ್ ಕೊಡ್ರಿ ಮೊದ್ಲು," ಎಂದು ಸೀಟಿ ಊದಿ ಹೊರಟೇಬಿಟ್ಟ.

"ಏನವ್ವಾ ಇದು?" ಸಾವ್ಕಾರರು ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಚ್ಚಿ ಹಿಡಿದರು. "ಹದಿನಾಲ್ಕು ಗಂಟು, ಹದಿನಾಲ್ಕಕ್ಕೂ ಕೆಂಪು ದಾರ! ನುಸಿ ಹತ್ತಿದ ಬ್ಯಾಳಿಗೆ ಕೆಂಪು ದಾರ ಕಟ್ಟಿ ವಾಪಸ್ ಕಳಿಸಿದಿ, ಬದಲಿ ಕೊಟ್ಟೆ, ಒಪ್ಪಿದೆ. ಈಗ ಬೆಲ್ಲ ಕೆಟ್ಟದ್ದು, ಸಾಸಿವಿ ಕೆಟ್ಟದ್ದು. ಉಪ್ಪು! ನಮ್ಮಪ್ಪನ ಕಾಲದಿಂದ ಅಂಗಡಿ ನಡಸಾಕತ್ತೀವಿ, ಉಪ್ಪಿಗೆ ಹುಳ ಬಿತ್ತಂತ ಯಾರೂ ಅಂದಿದ್ದಿಲ್ಲ. ಕೆಟ್ಟ ಸಾಮಾನು ಎಲ್ಲದ, ತೋರಸು ನನಗ. ಅದಕ್ಕ ಬಂದೀನಿ."

ಅವ್ವ ಬಟ್ಟೆ ನೋಡಿದಳು. ಆಮೇಲೆ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು. ಆಗ ನನಗೆ ತಿಳಿಯಿತು ಕೆಂಪು ದಾರದ ಅರ್ಥ. ಕಾಲ ಕೆಳಗಿನ ಏರಿಯೇ ಒಡೆದಂತಾಯಿತು.

"ಸಾವ್ಕಾರ್ರ, ನಿಮ್ ಸಾಮಾನು ಚಲೋ ಅದ. ಕೂಸು ಚೆಂದ ಕಾಣಲಿ ಅಂತ ಕಟ್ಟ್ಯಾಳ," ಎಂದಳು ಅವ್ವ. ಮೂವತ್ತೆರಡು ಮಂದಿಯ ಊಟದ ಸಂಗತಿಯನ್ನೂ ಹೇಳಿದಳು.

ಸಾವ್ಕಾರರ ಸಿಟ್ಟು ಜರ್ರನೆ ಇಳಿಯಿತು. ದಾರಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಮುಂದಿನ ಬಸ್ಸು ನಾಲ್ಕಕ್ಕೆ.

ಮುಂದಿನ ನಾಲ್ಕು ತಾಸನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಕೈ ಚುರುಕಾಗುತ್ತದೆ. ಅವ್ವ ಕೂಗಾಡಲಿಲ್ಲ, ಅಳಲಿಲ್ಲ. ಬಾಗಿಲಲ್ಲಿ ನಿಂತು ಮನೆಯನ್ನು ಎಡದಿಂದ ಬಲಕ್ಕೆ ಓದಿದಳು. ಜೋಳದ ಹಿಟ್ಟು ಅದ. ಜೋಳದ ನುಚ್ಚು ಅದ. ಶೇಂಗಾ ಒಂದು ಚೀಲ ಅದ. ಬಳ್ಳೊಳ್ಳಿ ಅದ. ಕೆರೆಯಂಗಳದಲ್ಲಿ ಪುಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಅದ. ಬೇಳೆ ಇಲ್ಲ, ಪುಂಡಿಗೆ ನುಚ್ಚು ಹಾಕಿದರೆ ಆಯಿತು. ಎಣ್ಣೆ ಎರಡು ಸೌಟು. ಉಪ್ಪು? ಮಡಕೆಯ ತಳದಲ್ಲಿ ಒಂದು ಹಿಡಿ. ಬೇರೆ ಏನಿಲ್ಲದಿದ್ದರೂ ಅಡುಗೆಯಾದೀತು, ಉಪ್ಪಿಲ್ಲದೆ ಆದೀತೆ?

"ಹುಲಿಗಿ, ಅಪ್ಪನ ಕೂಡ ಹರಿಗೋಲು ಹತ್ತು. ಮಾಳವ್ವನ್ನ ಕೇಳು. ಕುರಿಗೆ ನೆಕ್ಕಸಾಕ ಉಪ್ಪು ಇಟ್ಟಿರ್ತಾಳ."

ಅಪ್ಪ ಹುಟ್ಟು ಹಾಕಿದ ರಭಸಕ್ಕೆ ಹರಿಗೋಲು ಬುಗುರಿಯಂತೆ ತಿರುಗಿತು. ಮಾಳವ್ವ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಯ್ಯವ್ವಾ. ನನ್ ಕುರಿ ಒಂದಿನ ಸಪ್ಪಗ ಇರ್ತಾವ. ಆ ಮೇಸ್ತ್ರಿಗಿಂತ ಅವಕ್ಕ ತಿಳವಳಿಕಿ ಹೆಚ್ಚದ," ಎಂದು ಹರಳುಪ್ಪಿನ ಗಡಿಗೆಯನ್ನೇ ಎತ್ತಿ ಕೊಟ್ಟಳು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ಎರಡೂ ಕೈಯಿಂದ ಮುಚ್ಚಿ, ಉಸಿರು ಬಿಗಿಹಿಡಿದು ಕೆರೆ ದಾಟಿದೆ. ಬರುವಾಗ ಅಪ್ಪ ಬೆಳಿಗ್ಗೆಯೇ ಬಿಟ್ಟಿದ್ದ ಬಲೆ ಎಳೆದುಕೊಂಡ. ಆವತ್ತು ಮೀನಿಗೆ ಅವ್ವ ಬೇಡ ಎನ್ನಲಿಲ್ಲ.

ಮರಳಿ ಬಂದಾಗ ಅಂಗಳದಲ್ಲಿ ಕಂಡ ನೋಟವನ್ನು ನಂಬಲಾಗಲಿಲ್ಲ. ಸಾವ್ಕಾರರು ಬೇವಿನ ನೆರಳಲ್ಲಿ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು.

"ನಾಲ್ಕರತನ ಸುಮ್ಮನ ಕುಂತು ಏನ್ ಮಾಡ್ತೀರಿ, ಸುಲೀರಿ ಅಂದೆ," ಎಂದಳು ಅವ್ವ ರೊಟ್ಟಿ ಬಡಿಯುತ್ತ.

"ಈ ಕಾಯಿ ಸಣ್ಣದದವ್ವಾ," ಸಾವ್ಕಾರರೆಂದರು. "ನನ್ ಅಂಗಡ್ಯಾಗ ಇಂಥಾದ್ದು ಇಡಂಗಿಲ್ಲ."

"ಕೆಂಪು ದಾರ ಕಟ್ಟಲೇನ್ರಿ ಹಂಗಾದ್ರ?"

ಸಾವ್ಕಾರರು ನಕ್ಕು ಎರಡು ಕಾಳು ಬಾಯಿಗೆ ಹಾಕಿಕೊಂಡರು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಎಲ್ಲ ಸಿದ್ಧ. ಎರಡು ಬುಟ್ಟಿ ಬಿಸಿ ರೊಟ್ಟಿ, ನುಚ್ಚು ಹಾಕಿದ ಪುಂಡಿಪಲ್ಯ, ಬಳ್ಳೊಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಸೌತೆ, ಹಸಿ ಉಳ್ಳಾಗಡ್ಡಿ, ತಿನ್ನುವವರಿಗೆ ಬೇರೆ ಒಲೆಯ ಮೇಲೆ ಮೀನಿನ ಸಾರು. ಮನೆಯ ಗೋಡೆಯುದ್ದಕ್ಕೂ ನಾನು ನೀರು ಚಿಮುಕಿಸಿ ಗೋಣಿ ಹಾಸಿದ್ದೆ. ಆಳುಗಳು ಕೈಕಾಲು ತೊಳೆದು ಬಂದು ನಿಂತರು. ಮೇಸ್ತ್ರಿ ಮುದಕಪ್ಪ ಗೋಣಿ ನೋಡಿ ಅವ್ವನನ್ನು ಪಕ್ಕಕ್ಕೆ ಕರೆದ. ನಾನು ಉಪ್ಪಿನ ಬಟ್ಟಲು ಹಿಡಿದು ಅಲ್ಲೇ ಇದ್ದೆ.

"ಎರಡು ಸಾಲು ಮಾಡವ್ವಾ. ಈ ಕಡಿಯವ್ರು ಇಲ್ಲಿ ಕೂಡ್ಲಿ. ಆ ಏಳೆಂಟು ಮಂದಿ ಹುಣಸಿ ಗಿಡದ ಆಚಿ ಕೂಡ್ತಾರ. ಅವ್ರಿಗೆ ನಮ್ ಹೆಣ್ಣಾಳು ಬಡಸ್ತಾಳ. ನೀ ಆ ಕಡಿ ಬರಬ್ಯಾಡ. ಇಷ್ಟ್ ಮಾಡಿದ್ರ ಕೆಲಸ ನಿಂದ, ಇವತ್ತ ಹೇಳಿಬಿಡ್ತೀನಿ."

ಕೆಲಸ ಕೈಯಲ್ಲೇ ಇತ್ತು. ಒಂದು ಹೂಂ ಎಂದರೆ ಸಾಕು. ನಾನು ಅವ್ವನ ಕುತ್ತಿಗೆ ನೋಡುತ್ತಿದ್ದೆ. ಅದು ಒಂದು ಕಡೆಗೆ ವಾಲಿಕೊಂಡೇ ಇತ್ತು. ಹೂಂ ಅನ್ನು, ಹೂಂ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅಡಗಿ ನಂದು. ಬಡಸಾಕಿನೂ ನಾನ," ಎಂದಳು ಅವ್ವ, ಎಲ್ಲರಿಗೂ ಕೇಳುವಂತೆ. "ನಮ್ ಮನಿಯಾಗ ಒಂದ ಸಾಲು. ಕೂಡಾವ್ರು ಕೂಡ್ರಿ. ಒಲ್ಲೆ ಅನ್ನಾವ್ರ ಮ್ಯಾಲೆ ನಂಗೇನು ಸಿಟ್ಟಿಲ್ಲ."

"ಹಟ ಮಾಡಬ್ಯಾಡ. ಟ್ರ್ಯಾಕ್ಟರ್ ಊಟ ಮತ್ತ ಹೇಳ್ತೀನಿ ನೋಡು."

"ಹೇಳ್ರಿ. ರೊಟ್ಟಿ ಆರತಾವ, ಲಗೂನ ಹೇಳ್ರಿ."

ಯಾರೂ ಕದಲಲಿಲ್ಲ. ರೊಟ್ಟಿಯ ಮೇಲಿನ ಹಬೆ ಕಡಿಮೆಯಾಗುವುದು ನನಗೆ ಕಾಣುತ್ತಿತ್ತು. ಆಗ ಕಲ್ಲು ಹೊರುವ ಮುದುಕಿ ಹನುಮವ್ವ, "ಮುಂಜಾನಿಂದ ಕಲ್ಲು ಹೊತ್ತೀನಿ, ನಿಮ್ ನ್ಯಾಯಾ ಮುಗಿಯೂತನ ನಿಂದ್ರಾಕಾಗಂಗಿಲ್ಲ," ಎನ್ನುತ್ತ ಗೋಣಿಯ ಮೊದಲ ತುದಿಯಲ್ಲಿ ಧಪ್ಪನೆ ಕೂತಳು. ಅವಳ ಪಕ್ಕ ಅವಳ ಸೊಸೆ. ಆಮೇಲೆ ಇಬ್ಬರು, ಮೂವರು, ಹತ್ತು. ನಾನು ಮನಸ್ಸಿನಲ್ಲಿ ಎಣಿಸುತ್ತ ಹೋದೆ. ಇಪ್ಪತ್ತಾರಕ್ಕೆ ನಿಂತಿತು. ಆರು ಮಂದಿ ಆವತ್ತಿಗೆಂದು ಕಟ್ಟಿಕೊಂಡು ಬಂದಿದ್ದ ತಮ್ಮ ಬುತ್ತಿಗಂಟು ಹಿಡಿದು ಹುಣಸೆಯ ಕಡೆ ನಡೆದರು. ಎಲ್ಲರಿಗಿಂತ ಮುಂದೆ ಕಲ್ಲು ಕಟ್ಟುವ ನಿಂಗಪ್ಪ, ಹಿಂದೆ ತಿರುಗಿಯೂ ನೋಡದೆ.

ಸಾವ್ಕಾರರು ಮೊರ ಬದಿಗಿಟ್ಟು ಎದ್ದು ನಿಂತಿದ್ದರು. ಅವ್ವ ಅವರ ಕಡೆ ನೋಡಿದಳು, ಕರೆಯಲಿಲ್ಲ.

"ನಂದು ಇವತ್ತು ಉಪವಾಸದವ್ವಾ," ಎಂದರು ಅವರು, ಕೊಡೆ ಹುಡುಕುತ್ತ.

ನಾನು ಆಗಲೂ ಈಗಲೂ ತಪ್ಪು ಲೆಕ್ಕ ಸಹಿಸುವವಳಲ್ಲ. "ಮುಂಜಾನಿಂದ ನಮ್ಮ ಶೇಂಗಾ ತಿಂದೀರಲ್ರೀ ಸಾವ್ಕಾರ್ರ," ಎಂದೆ.

ಗೋಣಿಯ ಮೇಲಿದ್ದ ಇಪ್ಪತ್ತಾರು ಮಂದಿ ಒಮ್ಮೆಲೆ ನಕ್ಕರು. ಅಪ್ಪ ನನ್ನ ಬಾಯಿ ಮುಚ್ಚಲು ಬಂದ. ಸಾವ್ಕಾರರ ಮುಖ ಕೆಂಪಾಯಿತು. ಕೊಡೆಯನ್ನು ಕೈಯಿಂದ ಕೈಗೆ ಬದಲಿಸಿದರು, ಹುಣಸೆಯ ಕಡೆ ನೋಡಿದರು, ಆಮೇಲೆ ಕೊಡೆಯನ್ನು ಬೇವಿಗೆ ಆನಿಸಿಟ್ಟು ಬಂದು ಸಾಲಿನ ಕೊನೆಗೆ ಚಕ್ಕಳಮಕ್ಕಳ ಹಾಕಿದರು. "ನಿನ್ ಮಗಳು ವಕೀಲ ಆಗ್ತಾಳ ನೋಡು," ಎಂದು ಗೊಣಗಿ ತಾಟು ಮುಂದೆ ಎಳೆದುಕೊಂಡರು.

ಉಂಡದ್ದು ಹೇಗೆ! ಅವ್ವ ಬಡಿಸುತ್ತ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನವರು ತಾಟು ತಟ್ಟುತ್ತಿದ್ದರು. ಹನುಮವ್ವ ಹಿಂಡಿ ಮೂರು ಸಲ ಹಾಕಿಸಿಕೊಂಡಳು. ನಾನು ರೊಟ್ಟಿಬುಟ್ಟಿ ಹಿಡಿದು ಅತ್ತಿಂದಿತ್ತ ಓಡಾಡಿ ಓಡಾಡಿ, ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯದಂತಾಗಿತ್ತು. ಮೇಸ್ತ್ರಿ ನಿಂತೇ ಇದ್ದ. ಎಲ್ಲರ ಊಟ ಅರ್ಧಕ್ಕೆ ಬಂದಾಗ ಮೀನಿನ ಸಾರಿನ ಕಡೆ ಎರಡು ಸಲ ನೋಡಿ, ಹನುಮವ್ವನ ಪಕ್ಕದಲ್ಲಿ ಸಿಕ್ಕ ಗೇಣು ಜಾಗದಲ್ಲಿ ತೂರಿಕೊಂಡ. ಕೈ ತೊಳೆಯುವಾಗ ಅವ್ವನಿಗೆ ಹೇಳಿದ:

"ನಾಳಿಂದ ಮೂವತ್ತೆರಡು ಮಂದಿಗೆ ಮಾಡು."

"ಇಪ್ಪತ್ತಾರು ಮಂದಿಗೆ ಮಾಡ್ತೀನಿ, ನಿನ್ನ ಹಿಡದು ಇಪ್ಪತ್ತೇಳು. ಉಳದಾವ್ರು ಕುಂತ ದಿನ ಅವ್ರಿಗೂ ಮಾಡ್ತೀನಿ. ರೊಟ್ಟಿ ಕೆಡಸೂದು ನಂಗ ಬರಂಗಿಲ್ಲ."

ಆ ಬೇಸಿಗೆಯಿಡೀ ಅವ್ವ ಬುಟ್ಟಿ ಹೊರಲಿಲ್ಲ. ದಿನಾ ಬೆಳಿಗ್ಗೆ ಸಾವ್ಕಾರರ ಚೀಲ ಬಸ್ಸಿನಿಂದ ಇಳಿಯುತ್ತಿತ್ತು, ಹೇಳದಿದ್ದರೂ ಉಪ್ಪು ಒಂದು ಸೇರು ಹೆಚ್ಚಿಗೆ. ಹುಣಸೆಯ ಕೆಳಗಿನವರಲ್ಲಿ ಇಬ್ಬರು ಮರುದಿನವೇ ಗೋಣಿಗೆ ಬಂದರು. ಮೂರನೆಯ ದಿನ ಇನ್ನಿಬ್ಬರು. ಐದನೆಯವನು ಆರನೆಯ ದಿನ, ಮೀನಿನ ವಾಸನೆಗೆ. ನಿಂಗಪ್ಪ ಒಬ್ಬನೇ ಆಚೆ ಉಳಿದ. ಬೆನ್ನು ನಮ್ಮ ಕಡೆ ಮಾಡಿ ಒಣ ರೊಟ್ಟಿ ಮುರಿಯುವ ಕಟಕಟ ಸದ್ದು ಅಂಗಳದವರೆಗೆ ಕೇಳುತ್ತಿತ್ತು. ಅವ್ವ ಅವನನ್ನು ಕರೆಯಲೂ ಇಲ್ಲ, ಆಡಿಕೊಳ್ಳಲೂ ಇಲ್ಲ. ಯಾರಾದರೂ ಅವನನ್ನು ಕೆಣಕಿದರೆ ಸೌಟು ತೋರಿಸಿ ಗದರುತ್ತಿದ್ದಳು.

ಒಂಬತ್ತನೆಯ ದಿನ ನಾನು ಬುಟ್ಟಿ ಹಿಡಿದು ಸಾಲಿನ ಕೊನೆಗೆ ಬಂದೆ. ಅಲ್ಲಿ ನಿಂಗಪ್ಪ ತಲೆ ತಗ್ಗಿಸಿ ಕೂತಿದ್ದ. ಅವ್ವ ಬಂದಳು. ಅವಳ ಮುಖದಲ್ಲಿ ಅಚ್ಚರಿಯಿರಲಿಲ್ಲ. ಮೊದಲ ದಿನದಿಂದ ಅಲ್ಲೇ ಕೂತವನನ್ನು ಕೇಳುವ ಹಾಗೆ ಕೇಳಿದಳು:

"ಪುಂಡಿಪಲ್ಯ ಹಾಕ್ಲಾ?"

"ಹಾಕವ್ವಾ," ಎಂದ ನಿಂಗಪ್ಪ ತಾಟು ಎತ್ತಿ ಹಿಡಿದು. "ಎಂಟ್ ದಿನದ್ದೂ ಸೇರಿಸಿ ಹಾಕು."